ಹಾಸಿಗೆ ಜಾಗ

ಆ ಬೀದಿಯವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿದ್ದ ನಮ್ಮ ಆರ್ಕಿಟೆಕ್ಟ್ ಆಫೀಸಿನಲ್ಲಿ ಕನ್ನಡದವಳು ನಾನೊಬ್ಬಳೇ. ದಾವಣಗೆರೆಯಿಂದ ಬಂದು ಎರಡು ವರ್ಷವಾಗಿತ್ತು. "ಭಾವನಾ, ಅವರೆಲ್ಲ ನಿಮ್ಮವರೇ, ನೀವೇ ನೋಡಿಕೊಳ್ಳಿ" ಎಂದರು ಬಾಸ್. ನಾನೂ ಉಬ್ಬಿಹೋದೆ.

ಪಲ್ಲಡಂ ಕಡೆಯ ಹಳೇ ನೇಕಾರರ ಬೀದಿ ಅದು. ಸಾಲು ಹೆಂಚಿನ ಮನೆಗಳು, ಮುಂದೆ ಜಗಲಿ, ಮರದ ಕಂಬ. 2006ರಲ್ಲಿ ಅದು ಸಂರಕ್ಷಿತ ಬೀದಿಗಳ ಪಟ್ಟಿಗೆ ಸೇರಿತ್ತು. ಮುಂಭಾಗದ ಒಂದು ಹೆಂಚನ್ನೂ ಬದಲಿಸುವ ಹಾಗಿರಲಿಲ್ಲ. ಅಲ್ಲಿನ ಹಳೇ ಛತ್ರವನ್ನು ಆಸ್ಪತ್ರೆ ಮಾಡಬೇಕೆಂದು ಅದರ ಟ್ರಸ್ಟಿನ ಅಧ್ಯಕ್ಷ ಗೋಪಾಲಸಾಮಿಯವರ ಹಟ. ಕಟ್ಟಡ ಬೆಳೆಯುವುದಿದ್ದರೆ ಹಿತ್ತಿಲ ಕಡೆಗೇ ಬೆಳೆಯಬೇಕು. ಅಲ್ಲಿ ಛತ್ರಕ್ಕೇ ಸೇರಿದ ಉದ್ದನೆಯ ಜಾಗ ಖಾಲಿ ಬಿದ್ದಿತ್ತು.

ಪಕ್ಕದ ಮನೆಯ ರುಕ್ಮಣಿಯಮ್ಮ, ಅರವತ್ತಾದರೂ ಕೈಮಗ್ಗ ಬಿಡದವರು, ಮೊದಲ ದಿನವೇ ನನ್ನ ಕೈ ಹಿಡಿದುಕೊಂಡಿದ್ದರು.

"ಅಮ್ಮಣಿ, ಏನಾದ್ರೂ ಕಟ್ಟು. ಆದ್ರೆ ಹಿಂದುಗಡೆ ಹಾಸಿಗೆ ಜಾಗ ಬೇಕು. ಉದ್ದಕ್ಕೆ ಬೇಕು. ಅದಿಲ್ಲಾಂದ್ರೆ ಈ ಬೀದೀನೇ ಮುಗಿದೋತು."

ಆಸ್ಪತ್ರೆ ಅಂದಮೇಲೆ ಹಾಸಿಗೆ ಬೇಡವೇ? ಹಿತ್ತಿಲ ಉದ್ದಕ್ಕೂ ಹನ್ನೆರಡು ಹಾಸಿಗೆಯ ವಾರ್ಡು ಬರೆದೆ. ಕೋಣೆಗಳ ಹೆಸರನ್ನೆಲ್ಲ ಅಭಿಮಾನದಿಂದ ಕನ್ನಡದಲ್ಲೇ ಬರೆದು, ನಕ್ಷೆಯನ್ನು ಸಭೆಯಲ್ಲಿ ಹರಡಿದೆ. ಎಲ್ಲರೂ ಬಗ್ಗಿ ನೋಡಿ ತಲೆಯಾಡಿಸಿದರು. "ಅಕ್ಷರ ರೊಂಬ ಅಳಗಾಗಿದೆ, ಮೇಡಂ" ಎಂದು ಅಕ್ಷರದ ಅಂದವನ್ನು ಹೊಗಳಿದರು ಗೋಪಾಲಸಾಮಿ. ತಮಿಳು ಶಾಲೆಯಲ್ಲಿ ಕಲಿತ ಅವರಲ್ಲಿ ಒಬ್ಬರಿಗೂ ಕನ್ನಡ ಓದಲು ಬರುವುದಿಲ್ಲವೆಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ನಕ್ಷೆಯ ಇಂಗ್ಲಿಷ್ ಪ್ರತಿ ಹಿಡಿದು ಏಳು ತಿಂಗಳು ಕಚೇರಿಗಳಿಗೆ ಅಲೆದು ಅನುಮತಿ ತಂದೆ. ಪಾಯದ ಗುರುತು ಹಾಕಿಸಲು ಬೆಳಿಗ್ಗೆ ಆರೂವರೆಗೇ ಹೋದೆ. ಅದುವರೆಗೆ ಹನ್ನೊಂದಕ್ಕೆ ಮುಂಚೆ ನಾನು ಅಲ್ಲಿ ಕಾಲಿಟ್ಟವಳಲ್ಲ. ನೋಡಿದರೆ, ಹಿತ್ತಿಲಲ್ಲಿ ಈ ತುದಿಯಿಂದ ಆ ತುದಿಗೆ ನೂಲು ಎಳೆದು ಕಟ್ಟಿದ್ದಾರೆ! ಗಂಜಿ ಹಚ್ಚಿದ ಸಾವಿರಾರು ಎಳೆ. ರುಕ್ಮಣಿಯಮ್ಮ ದೊಡ್ಡ ಬ್ರಷ್ಷಿನಿಂದ ಅದನ್ನು ಉಜ್ಜುತ್ತಾ ನಡೆಯುತ್ತಿದ್ದರು.

"ಏನಿದು, ಅಮ್ಮಾ?"

"ಹಾಸು. ಬಿಸಿಲೇರೋಕೆ ಮುಂಚೆ ಮುಗಿಸ್ಬೇಕು. ಇದಕ್ಕೇ ತಾನೆ ನಿನ್ನತ್ರ ಜಾಗ ಕೇಳಿದ್ದು?"

ಹಾಸಿಗೆ ಜಾಗ. ಮಗ್ಗಕ್ಕೇರುವ ಹಾಸಿಗೆ, ಆ ಉದ್ದನೆಯ ನೂಲಿಗೆ, ಜಾಗ. ಕನ್ನಡದಲ್ಲೇ ಹುಟ್ಟಿ ಬೆಳೆದ ನನಗೆ ಮಲಗುವ ಹಾಸಿಗೆ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೋಪಾಲಸಾಮಿಯವರನ್ನು ಕರೆಸಿ, ನಕ್ಷೆಯಲ್ಲಿದ್ದದ್ದನ್ನೆಲ್ಲ ಇಬ್ಬರಿಗೂ ಓದಿ ಹೇಳಿದೆ. ಗೋಪಾಲಸಾಮಿ ತಲೆಮೇಲೆ ಕೈಹೊತ್ತು ಕೂತರು.

"ಇಲ್ಲಿ ವಾರ್ಡು ಬಂದ್ರೆ ಹನ್ನೊಂದು ಮನೆ ಮಗ್ಗ ನಿಲ್ತದೆ, ಮೇಡಂ."

"ವಾರ್ಡು ತೆಗೆದುಬಿಡ್ತೀನಿ ಸರ್. ಡಾಕ್ಟರ ಕೋಣೆ, ಔಷಧಿ ಕೋಣೆ ಛತ್ರದೊಳಗೇ ಹಿಡಿಸುತ್ತೆ."

ರುಕ್ಮಣಿಯಮ್ಮ ಬ್ರಷ್ ಕೆಳಗಿಟ್ಟರು. "ಎಷ್ಟು ಹಾಸಿಗೆ ಬರೆದಿದ್ದೆ?"

"ಹನ್ನೆರಡು."

"ನಮ್ಮ ಸಾಂತಿಗೆ ಒಂದಿದ್ರೆ ಸಾಕಾಗಿತ್ತು."

ಸಾಂತಿ ಅವರ ತಂಗಿಯಂತೆ. ಉಬ್ಬಸವಿತ್ತಂತೆ. ಎರಡು ವರ್ಷದ ಹಿಂದೆ ಕೊಯಮತ್ತೂರಿಗೆ ಕರೆದೊಯ್ಯುವಾಗ ಬಸ್ಸಿನಲ್ಲೇ ತೀರಿಕೊಂಡಳಂತೆ.

ರುಕ್ಮಣಿಯಮ್ಮ ನನ್ನನ್ನು ತಮ್ಮ ಮನೆಯೊಳಗೆ ಕರೆದೊಯ್ದು, ಛತ್ರದ ಗೋಡೆಗೆ ಅಂಟಿಕೊಂಡ ಹಿಂದಿನ ಕೋಣೆಯ ಬೀಗ ತೆಗೆದರು. ತಂಗಿ ಇದ್ದ ಕೋಣೆ.

"ಈ ಗೋಡೆ ಒಡೆದು ಬಾಗಿಲಿಟ್ರೆ ಛತ್ರ. ಇಲ್ಲಿ ಎಷ್ಟು ಹಿಡೀತದೆ?"

"ಎರಡು. ಆದರೆ ನಿಮ್ಮ ಮನೆ..."

"ಎಷ್ಟು ಅಂತ ಮಾತ್ರ ಕೇಳ್ದೆ, ಅಮ್ಮಣಿ."

ಒಳಗಿನ ಗೋಡೆಗೆ ಸಂರಕ್ಷಣೆಯವರ ತಕರಾರಿರಲಿಲ್ಲ. ಟೇಪು ಬಿಚ್ಚಿದೆ. ಅವರು ಅದರ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದರು. ಕಣ್ಣು ಮಂಜಾಗಿ ನನ್ನ ಅಳತೆ ಎರಡು ಸಲ ತಪ್ಪಿತು.

"ಹಿತ್ತಿಲ ಕಡೆ ಕಿಟಕಿ ದೊಡ್ಡದಾಗಿ ಇಡು" ಎಂದರು. "ಅವಳಿಗೆ ಉಸಿರು ಸಾಲಲಿಲ್ಲ."