ಮುಟ್ಟದೆ ನುಡಿಸಿದ ಹಾಡುಗಳು

ನಮ್ಮತ್ತೆ ಕುತ್ತಿಗೆಯ ಗಂಟು ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದದ್ದು ಒಂದು ಮಂಗಳವಾರ. ಗಂಟು ಹೋಯಿತು, ಜೀವ ಉಳಿಯಿತು, ದನಿ ಮಾತ್ರ ಅವಳ ಜೊತೆ ಹಿಂದಿರುಗಲಿಲ್ಲ. ಗಂಟು ದನಿಯ ನರಕ್ಕೆ ಅಂಟಿಕೊಂಡಿದೆ, ಎರಡನ್ನೂ ಉಳಿಸುವುದು ಕಷ್ಟ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಯಾರನ್ನು ಬೈಯುವುದಕ್ಕೂ ದಾರಿಯಿರಲಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ; ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದಳು. ಹುಡುಗಿಯರ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಡಿನ ಟೀಚರ್. ಊರಿನ ಅರ್ಧದಷ್ಟು ಹೆಂಗಸರು ಅವಳ ಕೈಕೆಳಗೆ ಬಾಯಿ ತೆರೆದವರೇ. ತನಗೆಂದು ಒಂದು ದೊಡ್ಡ ವೇದಿಕೆ ಅವಳು ಎಂದೂ ಬಯಸಿದವಳಲ್ಲ. ಬಟ್ಟೆ ಒಣಹಾಕುವಾಗ, ಮೆಟ್ಟಿಲು ಇಳಿಯುವಾಗ, ತಲೆ ಬಾಚುವಾಗ ಹಾಡುತ್ತಿದ್ದಳು, ಅಷ್ಟೆ. ಆದರೆ ಆ ಹಾಡಿಗೆ ಬೀದಿಯ ತುದಿಯ ಬಸ್ ನಿಲ್ದಾಣದಲ್ಲಿ ನಿಂತವರೂ ತಲೆ ಎತ್ತಿ ನೋಡುತ್ತಿದ್ದರು. ಈಗ ಅವಳು ಬಾಯಿ ತೆರೆದರೆ ಕಾಗದಕ್ಕೆ ಕಾಗದ ಉಜ್ಜಿದಂಥ ಸದ್ದು. ಶಾಲೆಯವರು ಮರ್ಯಾದೆಯಿಂದಲೇ ಗ್ರಂಥಾಲಯದ ಬೀಗದ ಕೈ ಕೊಟ್ಟರು. ಅಲ್ಲಿ ಮಾತಾಡುವುದೇ ಬೇಡವಲ್ಲ.

ಅಪ್ಪನಿಗೆ ಮನೆಯ ಕೆಳಗೇ ರೇಡಿಯೋ ರಿಪೇರಿ ಅಂಗಡಿ. ಜನ ಅವನನ್ನು ವಾಲ್ವಪ್ಪ ಎನ್ನುತ್ತಿದ್ದರು. ಯಾವ ರೇಡಿಯೋ ತಂದುಕೊಟ್ಟರೂ ಮೊದಲು ಕಿವಿಯಿಟ್ಟು, 'ವಾಲ್ವ್ ಹೋಗಿದೆ' ಅನ್ನುವುದು ಅವನ ಅಭ್ಯಾಸ. ಅಂಗಡಿಯಲ್ಲಿ ಯಾವಾಗಲೂ ಐದಾರು ರೇಡಿಯೋ ಒಟ್ಟಿಗೆ ಹಾಡುತ್ತಿದ್ದವು. ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿದ ಕೂಡಲೇ ಅಪ್ಪ ಒಂದೊಂದನ್ನೇ ಆರಿಸುತ್ತಿದ್ದ. ಅವಳು ಅಂಗಡಿ ದಾಟಿ ಬೀದಿಗಿಳಿಯುವವರೆಗೂ ಗಿರಾಕಿಗಳು ಕೂಡ ಸುಮ್ಮನಿರುತ್ತಿದ್ದರು. ಅದು ಅತ್ತೆಗೆ ಗೊತ್ತಿತ್ತು. ಒಂದು ದಿನ ನನ್ನ ಹತ್ತಿರ ಪಿಸುಗುಟ್ಟಿದಳು: "ನಾನು ಬಂದ್ರೆ ಶವ ಹೋದ ಹಾಗೆ ಮಾಡ್ತಾನೆ ನಿಮ್ಮಪ್ಪ."

ಆಗ ನನಗೆ ಇಪ್ಪತ್ತಮೂರು. ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಸಂಜೆ ಮನೆಗೆ ಬಂದಾಗ ಅಪ್ಪ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಏನೋ ಮಾಡುತ್ತಿರುತ್ತಿದ್ದ. ಬೆಸುಗೆಯ ಹೊಗೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಕೇಳಿದರೆ, "ಹಳೇದೊಂದು ಸೆಟ್ಟು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ. ಅದೇ ಸಮಯಕ್ಕೆ ಅಮ್ಮ ನಡುಮನೆಯ ಕಿಟಕಿಗೆ ಪರದೆ ಕಟ್ಟುವ ಹಿತ್ತಾಳೆ ಕೋಲು ಕಾಣುತ್ತಿಲ್ಲ ಎಂದು ಮನೆಯೆಲ್ಲ ತಡಕಾಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅಪ್ಪ ಎಲ್ಲರನ್ನೂ ಕರೆದ. ಮೇಜಿನ ಮೇಲೆ ಹೊಲಿಗೆ ಯಂತ್ರದ ಮರದ ಮುಚ್ಚಳದಂಥ ಪೆಟ್ಟಿಗೆ. ಮುಚ್ಚಳದಂಥದ್ದೇನು, ಮುಚ್ಚಳವೇ. ಅದರ ಬಲಗಡೆ ಅಮ್ಮನ ಹಿತ್ತಾಳೆ ಕೋಲು ನೆಟ್ಟಗೆ ನಿಂತಿತ್ತು. ಎಡಗಡೆ ತಾಮ್ರದ ಕೊಳವೆಯನ್ನು ಬಳೆಯ ಹಾಗೆ ಬಗ್ಗಿಸಿ ಅಡ್ಡಡ್ಡ ಕೂರಿಸಿದ್ದ.

"ಇದರ ಹೆಸರು ಥೆರೆಮಿನ್. ಮುಟ್ಟೋ ಹಾಗಿಲ್ಲ" ಎಂದ ಅಪ್ಪ. "ಬಲಗೈ ಕೋಲಿನ ಹತ್ತಿರ ಹೋದ ಹಾಗೆಲ್ಲ ಸ್ವರ ಮೇಲಕ್ಕೆ ಏರುತ್ತೆ. ಎಡಗೈಯನ್ನ ಬಳೆಯ ಮೇಲಕ್ಕೆ ಎತ್ತಿದ್ರೆ ಸದ್ದು ಜೋರು, ಇಳಿಸಿದ್ರೆ ಸದ್ದು ಇಲ್ಲ. ಮಧ್ಯದಲ್ಲಿ ಇರೋದು ಬರೀ ಗಾಳಿ."

ಕೈ ಆಡಿಸಿ ತೋರಿಸಿದ. ಪೆಟ್ಟಿಗೆ ಕಿರುಚಿಕೊಂಡಿತು.

"ಇದೇನ್ರೀ, ಬೆಕ್ಕಿನ ಬಾಲ ತುಳಿದ ಹಾಗೆ!" ಎಂದಳು ಅಮ್ಮ. ಆಮೇಲೆ ಕೋಲನ್ನು ಗುರುತಿಸಿ, "ಅಯ್ಯೋ, ನನ್ನ ಪರದೆ ಕೋಲು!" ಎಂದು ಇನ್ನೂ ಜೋರಾಗಿ ಕೂಗಿದಳು.

ಅಪ್ಪ ಅವಳ ಕಡೆ ನೋಡಲೇ ಇಲ್ಲ. "ಅಕ್ಕ, ಇದು ಸರಿಯಾಗಿ ನುಡಿದರೆ ಹೆಂಗಸಿನ ದನಿ ಥರಾನೇ ಇರುತ್ತಂತೆ. ನಿನಗೆ ಅಂತಲೇ ಮಾಡಿದ್ದು."

ಅತ್ತೆ ಮೇಜಿನ ಸುತ್ತ ಒಂದು ಸುತ್ತು ಬಂದಳು. "ನಾನು ಹಾಡ್ತಿದ್ದೆ ಕಣೋ. ಸೈರನ್ ಊದ್ತಿರಲಿಲ್ಲ" ಎಂದು ಪಿಸುಗುಟ್ಟಿ ಮೆಟ್ಟಿಲು ಹತ್ತಿಬಿಟ್ಟಳು.

ಅಪ್ಪ ಜಗ್ಗಲಿಲ್ಲ. ಮಾರನೆಯ ಸಂಜೆಯಿಂದ ತಾನೇ ನುಡಿಸಲು ಕೂತ. ಆರಿಸಿಕೊಂಡದ್ದು ತೊಟ್ಟಿಲ ಹಾಡು. ಅವರಿಬ್ಬರ ತಾಯಿ, ಅಂದರೆ ನನ್ನ ಅಜ್ಜಿ, ಹಾಡುತ್ತಿದ್ದ ಲಾಲಿ ಅದು. ಎಲ್ಲ ಮನೆಯಲ್ಲೂ ಎಲ್ಲ ಅಜ್ಜಿಯರೂ ಹಾಡುತ್ತಿದ್ದದ್ದೇ. ಅಪ್ಪನಿಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಮಗು ಮಲಗಬೇಕಾದ ಜಾಗದಲ್ಲಿ ಹಾಡು ಎದ್ದು ಕೂರುತ್ತಿತ್ತು, ತೊಟ್ಟಿಲು ಇಳಿಯಬೇಕಾದಲ್ಲಿ ಮಾಡು ಹತ್ತುತ್ತಿತ್ತು. ಮೂರು ಸಂಜೆ ಹೀಗೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ. ಪಕ್ಕದ ಮನೆಯ ಕನ್ನಡಕದಂಗಡಿಯವರು ಎರಡು ಸಲ ಬಂದು, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿ ಹೋದರು.

ನಾಲ್ಕನೆಯ ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ದಡದಡನೆ ಇಳಿದು ಬಂತು. ಅತ್ತೆ ಅಪ್ಪನ ತೋಳು ಹಿಡಿದು ಪಕ್ಕಕ್ಕೆ ತಳ್ಳಿದಳು.

"ಸರಿ ಆಚೆ. ಅಮ್ಮನ ಹಾಡನ್ನ ಹೀಗೆ ಕೊಲ್ಲಬೇಡ್ವೋ."

ಅವಳು ಕೈ ಎತ್ತಿದಳು. ಮೊದಲ ಸ್ವರಕ್ಕೆ ಹುಡುಕಾಡಿ, ಕೆಳಗಿಂದ ಜಾರಿ ಮೇಲೆ ಬಂದು, ಸಿಕ್ಕಿದ ಕಡೆ ನಿಂತಳು. ಅದೊಂದೇ ಸ್ವರ, ಸ್ವಲ್ಪ ನಡುಗುತ್ತ, ನಿಂತೇ ಇತ್ತು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಲಾಲಿಯ ಮೊದಲ ಸಾಲು ಮುಗಿಸುವಷ್ಟರಲ್ಲಿ ಅತ್ತೆಯ ಹಣೆ ಬೆವೆತಿತ್ತು.

"ಬೇಕಂತಲೇ ಕೆಟ್ಟದಾಗಿ ನುಡಿಸಿದ್ರಾ?" ಎಂದು ಅಮ್ಮ ಆಮೇಲೆ ಅಪ್ಪನನ್ನು ಕೇಳಿದಳು.

"ಇಲ್ವೇ. ನನಗೆ ಬರೋದೇ ಅಷ್ಟು."

ಅಲ್ಲಿಂದ ಒಂದೂವರೆ ವರ್ಷ ಮನೆಯಲ್ಲಿ ಅದೇ ಗದ್ದಲ. ಎರಡು ಕೈಗೂ ಬೇರೆ ಬೇರೆ ಕೆಲಸ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಮಳೆ ಬಂದ ದಿನ ಒಂದು ಕಡೆ ಇದ್ದ ಸ್ವರ ಬಿಸಿಲು ಬಂದ ದಿನ ಇನ್ನೊಂದು ಕಡೆ. ನಾನು ಕಾಫಿ ಲೋಟ ಹಿಡಿದು ಹತ್ತಿರ ಹೋದರೂ ಸಾಕು, ಹಾಡು ಓರೆಯಾಗುತ್ತಿತ್ತು. "ಅಲ್ಲೇ ಇಡು ಮಾರಾಯ್ತಿ, ನೀನೂ ಒಂದು ಸ್ವರ ಆಗಿಬಿಡ್ತೀಯ" ಎಂದು ಪಿಸುಗುಟ್ಟುತ್ತಿದ್ದಳು.

"ಹೊಸದೇನಾದರೂ ಕಲಿಯಬಾರದಾ ಅತ್ತೆ? ಇದೇ ಲಾಲಿ, ಇದೇ ದೋಣಿ ಹಾಡು, ಇದೇ ಶಾಲೆ ಹಾಡು. ಬೀದಿಗೆಲ್ಲ ಬಾಯಿಪಾಠ ಆಗಿರೋವು" ಎಂದು ನಾನೊಮ್ಮೆ ಕೇಳಿದೆ.

"ಅದಕ್ಕೇ. ಇದರಲ್ಲಿ ವೀಣೆ ಥರ ಮೆಟ್ಟಿಲಿಲ್ಲ, ಹಾರ್ಮೋನಿಯಂ ಥರ ಮನೆಯಿಲ್ಲ, ಗುರುತಿಲ್ಲ. ಎಲ್ಲರಿಗೂ ಗೊತ್ತಿರೋ ಹಾಡಾದರೆ ನಾನು ತಪ್ಪಿದ್ದು ಎಲ್ಲರಿಗೂ ಗೊತ್ತಾಗುತ್ತೆ. ಆಗ ನಾನು ಸೋಮಾರಿಯಾಗೋಕೆ ಆಗಲ್ಲ."

ನಿಜವಾಗಿಯೂ ಹಾಗೇ ಆಯಿತು. ಅಂಚೆಯವನು ಕಾಗದ ಕೊಡಲು ಬಂದವನು ಸೈಕಲ್ ಮೇಲಿಂದಲೇ, "ಟೀಚರ್, ಎರಡನೇ ಸಾಲು ಇನ್ನೂ ಸ್ವಲ್ಪ ಮೇಲಕ್ಕೆ ಹೋಗ್ಬೇಕು" ಎಂದು ಗುನುಗಿ ತೋರಿಸಿ ಹೋಗುತ್ತಿದ್ದ. ಅತ್ತೆಗೆ ಸಿಟ್ಟು ಬರುತ್ತಿರಲಿಲ್ಲ. ಮತ್ತೆ ನುಡಿಸುತ್ತಿದ್ದಳು. ಕ್ರಮೇಣ ಅಂಚೆಯವನು ಏನೂ ಹೇಳದೆ, ಒಂದು ಕಾಲು ನೆಲಕ್ಕೆ ಊರಿ, ಹಾಡು ಮುಗಿಯುವವರೆಗೆ ಕೇಳಿಸಿಕೊಂಡು ಹೋಗತೊಡಗಿದ. ಅಪ್ಪ ರೇಡಿಯೋಗಳನ್ನು ಆರಿಸುವುದೂ ನಿಂತಿತು.

ಶಾಲೆಗೆ ಐವತ್ತು ವರ್ಷ ತುಂಬಿದಾಗ ಮುಖ್ಯೋಪಾಧ್ಯಾಯಿನಿ ಮನೆಗೇ ಬಂದರು. ಅವರೂ ಅತ್ತೆಯ ಹಳೆಯ ವಿದ್ಯಾರ್ಥಿನಿ. "ಟೀಚರ್, ನೀವು ನುಡಿಸಲೇಬೇಕು. ಒಂದೇ ಹಾಡು." ಅತ್ತೆ ಎರಡು ದಿನ ಒಲ್ಲೆ ಎಂದಳು, ಮೂರನೆಯ ದಿನ ಸೀರೆಗೆ ಇಸ್ತ್ರಿ ಹಾಕಿಸಿಕೊಂಡಳು.

ಸಭಾಂಗಣದಲ್ಲಿ ನಾನೂರು ಜನ ಇದ್ದರೇನೋ. ವೇದಿಕೆ ಮೊಣಕಾಲೆತ್ತರದ್ದು. ಅತ್ತೆ ಪೆಟ್ಟಿಗೆಯ ಹಿಂದೆ ನಿಂತದ್ದೇ ತಡ, ಹಳೆಯ ವಿದ್ಯಾರ್ಥಿನಿಯರೆಲ್ಲ, ಮಕ್ಕಳನ್ನು ಸೊಂಟದ ಮೇಲಿಟ್ಟುಕೊಂಡವರು, ತಲೆ ನರೆತವರು, ಕುರ್ಚಿ ಬಿಟ್ಟೆದ್ದು ಮುಂದಕ್ಕೆ ನುಗ್ಗಿದರು. ಕೆಲವರು ವೇದಿಕೆಗೇ ಒರಗಿಕೊಂಡರು. ಈ ವಿಚಿತ್ರವನ್ನು ಹತ್ತಿರದಿಂದ ನೋಡಬೇಕಲ್ಲ.

ಅತ್ತೆ ಲಾಲಿ ಶುರು ಮಾಡಿದಳು. ಹತ್ತಿರ ಬಂದ ಮೈಗಳೆಲ್ಲ ಸೇರಿ ಸ್ವರವನ್ನು ಮೇಲಕ್ಕೆ ಎಳೆದವು. ಎಲ್ಲರಿಗೂ ಗೊತ್ತಿರುವ ಹಾಡು, ಮೊದಲ ಸಾಲಿಗೇ ಸೊಟ್ಟಗಾಯಿತು. ಅಪ್ಪ ಪಕ್ಕದಿಂದ ಓಡಿಬಂದು ಪೆಟ್ಟಿಗೆಯ ಶ್ರುತಿ ತಿರುಪು ತಿರುಗಿಸಿದ. ಅಷ್ಟರಲ್ಲಿ ಯಾರೋ ಇನ್ನೂ ಮುಂದೆ ಬಂದರು, ಮತ್ತೆ ಕೆಟ್ಟಿತು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಪಾಪ" ಎಂದು ಯಾರೋ ಅಂದದ್ದು ನನಗೇ ಕೇಳಿಸಿತು. ಅತ್ತೆ ಏನೋ ಪಿಸುಗುಟ್ಟಿದಳು. ಆ ಗಲಾಟೆಯಲ್ಲಿ ಯಾರಿಗೆ ಕೇಳಿಸಬೇಕು! ಮುಖ್ಯೋಪಾಧ್ಯಾಯಿನಿ, "ದಯವಿಟ್ಟು ಜಾಗ ಬಿಡಿ" ಎಂದು ಕೂಗಿದರು. ಒಬ್ಬರೂ ಅಲುಗಲಿಲ್ಲ. ನನಗೆ ನಿಂತ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು.

ಅತ್ತೆ ಎರಡೂ ಕೈ ಇಳಿಸಿದಳು. ಆಮೇಲೆ ಎಡಗೈ ಎತ್ತಿ, ಬಲಗೈಯನ್ನು ಚುರುಕಾಗಿ ಒಮ್ಮೆ ಆಡಿಸಿದಳು. ಪೆಟ್ಟಿಗೆಯಿಂದ ಹೊರಟದ್ದು ಹಾಡಲ್ಲ. ಕೆಳಗಿಂದ ಶುರುವಾಗಿ, ನಡುವೆ ಚೂಪಾಗಿ ಏರಿ, ಕೊನೆಗೆ ಕೊಕ್ಕೆ ಹಾಕಿ ಇಳಿಯುವ ಒಂದು ರಾಗ. ಪದವಿಲ್ಲ, ಬರೀ ಏರಿಳಿತ. ಇಪ್ಪತ್ತಾರು ವರ್ಷ, ದಿನಾ ಬೆಳಿಗ್ಗೆ, ಹಾಡಿನ ಕೋಣೆಯಲ್ಲಿ ತಳ್ಳಾಡುವ ಹುಡುಗಿಯರಿಗೆ ಅತ್ತೆ ಹೇಳುತ್ತಿದ್ದ ಮಾತು: "ಎಲ್ರೂ ಎರಡು ಹೆಜ್ಜೆ ಹಿಂದಕ್ಕೆ!"

ಅಷ್ಟೂ ಹೆಂಗಸರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಮೊದಲು ಕಾಲು ಸರಿಯಿತು, ಆಮೇಲೆ ತಾವು ಯಾಕೆ ಸರಿದೆವೆಂದು ತಿಳಿಯಿತು. ನಗು ಸಭಾಂಗಣದ ಮಾಡಿಗೆ ಬಡಿಯಿತು. ಮುಖ್ಯೋಪಾಧ್ಯಾಯಿನಿ ತಾವೂ ಹಿಂದಕ್ಕೆ ಸರಿದು, ಯಾರದೋ ಕಾಲು ತುಳಿದು, ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ನಕ್ಕೂ ನಕ್ಕೂ ಅವರ ಕಣ್ಣಲ್ಲಿ ನೀರು. ಎಂಟು ವರ್ಷದವಳಾಗಿದ್ದಾಗ ಕೇಳಿದ ಗದರಿಕೆ ಮತ್ತೆ ಕಿವಿಗೆ ಬಿದ್ದರೆ ಯಾರಿಗೆ ತಾನೆ ಹಾಗಾಗದು?

ಅಪ್ಪ ತಿರುಪು ಸರಿ ಮಾಡಿದ. ಲಾಲಿ ಮತ್ತೆ ಮೊದಲಿಂದ ಹೊರಟಿತು. ಎರಡನೆಯ ಸಾಲಿಗೆ ಯಾರೋ ಗುನುಗಿದರು. ಮೂರನೆಯದಕ್ಕೆ ಎಲ್ಲರೂ ಪದ ಹಿಡಿದು ಹಾಡುತ್ತಿದ್ದರು. ಕೊನೆಯ ಚರಣ ಅರ್ಧ ಜನಕ್ಕೆ ಮರೆತಿತ್ತು, ಒಬ್ಬೊಬ್ಬರೇ ನಿಂತುಹೋದರು. ಮರೆಯಲು ಪದವೇ ಇಲ್ಲದ ಪೆಟ್ಟಿಗೆ ಮಾತ್ರ ಒಂಟಿಯಾಗಿ ಮುಂದುವರಿದು ಹಾಡನ್ನು ಮನೆ ಮುಟ್ಟಿಸಿತು.

ಮುಂದಿನ ವಾರವೇ ಗ್ರಂಥಾಲಯದ ಬೀಗದ ಕೈ ಬೇರೆಯವರ ಪಾಲಾಯಿತು. ಅತ್ತೆ ಇನ್ನೂ ಒಂಬತ್ತು ವರ್ಷ ಹಾಡಿನ ಕೋಣೆಯಲ್ಲಿ ಕಲಿಸಿದಳು. ಪೆಟ್ಟಿಗೆಯಿಂದಲೇ 'ಹೂಂ' ಅನ್ನುತ್ತಿದ್ದಳು, 'ಊಹೂಂ' ಅನ್ನುತ್ತಿದ್ದಳು. ರಜೆಯಲ್ಲಿ ಪೆಟ್ಟಿಗೆ ಮನೆಗೆ ಬಂದರೆ ಮಹಡಿಯಿಂದಲೇ ಅದರಲ್ಲಿ 'ಕಾಫಿ ಆಯ್ತಾ?' ಎಂದು ಕೇಳುವಳು. ಅಮ್ಮ ಕೆಳಗಿನಿಂದ, "ಬಂದೆ ಅತ್ತಿಗೆ, ಊರಿಗೆಲ್ಲ ಕೇಳಿಸ್ಬೇಡಿ" ಎಂದು ಕೂಗುವಳು. ಈಗ ನೆನೆದರೆ ನಮ್ಮ ಮನೆ ಅತ್ಯಂತ ಗದ್ದಲದಿಂದ ಇದ್ದ ಕಾಲ ಅದೇ. ಆ ಗದ್ದಲವನ್ನು ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಹುಡುಕಿದ್ದೇನೆ.

ಅವಳು ನಿವೃತ್ತಳಾಗಿ ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದಳು. ಈಗ ದಂತವೈದ್ಯೆ. ತೀರಿಕೊಂಡ ತಂದೆಯ ಸಾಮಾನು ತೆಗೆಯುವಾಗ ಒಂದು ಕ್ಯಾಸೆಟ್ ಸಿಕ್ಕಿತ್ತಂತೆ. ಯಾವುದೋ ಶಾಲಾ ಸಮಾರಂಭದಲ್ಲಿ ಅವರು ಹಿಡಿದಿಟ್ಟದ್ದು. ಅದರಲ್ಲಿ ಅತ್ತೆ ಹಾಡಿದ್ದಳು.

ನಮ್ಮಲ್ಲಿ ಅವಳ ದನಿ ಎಲ್ಲೂ ಉಳಿದಿರಲಿಲ್ಲ. ರೇಡಿಯೋ ಅಂಗಡಿಯ ಮನೆಯಲ್ಲಿ ಯಾರಿಗೂ ಅದನ್ನು ಹಿಡಿದಿಡಬೇಕೆಂದು ಹೊಳೆದಿರಲಿಲ್ಲ. ದಿನಾ ಕೇಳುವುದನ್ನು ಯಾರು ಹಿಡಿದಿಡುತ್ತಾರೆ? ಅಪ್ಪ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿಯ ಮೇಲೆ ಬೆರಳಿಟ್ಟ. "ಅಕ್ಕ, ಬೇಡ ಅಂದ್ರೆ ಬೇಡ" ಎಂದ.

"ಹಾಕೋ" ಎಂದಳು ಅತ್ತೆ.

ದೋಣಿ ಹಾಡು. ಮೂವತ್ತರ ಹೆಂಗಸಿನ ದನಿ ಕೋಣೆ ತುಂಬಿತು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ನಾನು ಅತ್ತೆಯ ಮುಖ ನೋಡಲಾರದೆ ಕ್ಯಾಸೆಟ್ಟು ತಿರುಗುವುದನ್ನೇ ನೋಡುತ್ತಿದ್ದೆ. ಹಾಡು ಮುಗಿಯಿತು.

"ಎರಡನೇ ಸಾಲಿನ ಕೊನೇಲಿ ಶ್ರುತಿ ಇಳಿದಿದೆ" ಎಂದಳು ಅತ್ತೆ. "ಇನ್ನೊಂದ್ಸಲ ಹಾಕು."

ಎದ್ದು ಪೆಟ್ಟಿಗೆಯ ಮುಂದೆ ನಿಂತಳು. ಕ್ಯಾಸೆಟ್ಟಿನ ದನಿಯ ಜೊತೆಗೆ ತಾನೂ ನುಡಿಸಿದಳು. ಎರಡನೆಯ ಸಾಲಿನ ಕೊನೆಯಲ್ಲಿ ಆ ದನಿ ಇಳಿದಾಗ ಪೆಟ್ಟಿಗೆಯ ಸ್ವರ ಸರಿಯಾದ ಜಾಗದಲ್ಲೇ ನಿಂತು, ಅದು ಮೇಲೆ ಬರುವವರೆಗೆ ಕಾಯಿತು. ಪೆಟ್ಟಿಗೆಗೆ ಉಸಿರು ಬೇಕಿಲ್ಲ, ಗಂಟೆಗಟ್ಟಲೆ ಒಂದೇ ಸ್ವರ ಎಳೆಯಬಲ್ಲದು. ಆದರೂ ಕ್ಯಾಸೆಟ್ಟಿನ ಹೆಂಗಸು ಎಲ್ಲೆಲ್ಲಿ ಉಸಿರು ತೆಗೆದುಕೊಂಡಳೋ ಅಲ್ಲಲ್ಲಿ ಅತ್ತೆಯ ಎಡಗೈ ತಾನಾಗಿ ಬಳೆಯ ಮೇಲೆ ಇಳಿದು, ಅವಳಿಗಾಗಿ ಸುಮ್ಮನಿದ್ದು, ಮತ್ತೆ ಏಳುತ್ತಿತ್ತು.

ಹೊರಡುವಾಗ ದಂತವೈದ್ಯೆ, "ಕ್ಯಾಸೆಟ್ ನೀವೇ ಇಟ್ಕೊಳ್ಳಿ ಟೀಚರ್" ಎಂದಳು.

ಅತ್ತೆ ಅದನ್ನು ಅವಳ ಕೈಚೀಲಕ್ಕೇ ಹಾಕಿದಳು. "ನಿಮ್ಮಪ್ಪ ಆಸೆಪಟ್ಟು ಹಿಡಿದಿಟ್ಟದ್ದು, ನಿನ್ನ ಹತ್ತಿರಾನೇ ಇರ್ಲಿ. ಬೇಜಾರಾದಾಗ ಈ ಕ್ಯಾಸೆಟ್ಟಿನವಳನ್ನ ಕರ್ಕೊಂಡು ಬಾ. ಇಬ್ರೂ ಸೇರಿ ಹಾಡ್ತೀವಿ."

ಆ ವರ್ಷ ದಂತವೈದ್ಯೆ ಅವಳನ್ನು ಇನ್ನೂ ಮೂರು ಸಲ ಕರೆದುಕೊಂಡು ಬಂದಳು.