ಅರೆದು ಕೊಟ್ಟವಳು

ಕ್ಯಾಲನೂರಿನಲ್ಲಿ ಸೊಸೆಗೆ ಕೆಟ್ಟ ಹೆಸರು ಬರಲು ಅತ್ತೆ ಸಾಯಬೇಕಾಗಿಲ್ಲ, ಬಿದ್ದರೆ ಸಾಕು. ಚಿಕ್ಕಗಂಗಮ್ಮ ಕೊಟ್ಟಿಗೆಯಲ್ಲಿ ಹಸುವಿನ ಮಗ್ಗುಲಲ್ಲೇ ಕುಸಿದುಬಿದ್ದಳು. ಮುನಿಲಕ್ಷ್ಮಿ ಅತ್ತೆಯನ್ನು ಮೈದುನ ಕದಿರೇಶನ ಆಟೋಗೆ ಹಾಕಿಕೊಂಡು ಕೋಲಾರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹಿಂದೆ ಊರಲ್ಲಿ ತೀರ್ಪು ಆಗಿಹೋಗಿತ್ತು: ಗಂಡ ಸತ್ತವಳು, ಅತ್ತೆಗೆ ಅದೇನೋ ಅರೆದು ಕೊಟ್ಟಳಂತೆ.

ಅರೆದು ಕೊಟ್ಟದ್ದು ನಿಜ. ಮುದುಕಿಯ ಎದೆ ಸುಮ್ಮಸುಮ್ಮನೆ ದಡದಡ ಹೊಡೆದುಕೊಳ್ಳುತ್ತಿತ್ತು. ಆ ಓಟಕ್ಕೆ ಕಡಿವಾಣ ಹಾಕಲೆಂದು ಡಾಕ್ಟರ್ ಶಿವಾನಿ ಡಿಲ್ಟಿಯಾಜೆಮ್ ಅನ್ನುವ ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೊಂದು, ಬೆಳಿಗ್ಗೆ. ಆದರೆ ಆ ಮನೆಯಲ್ಲಿ ಮಾತ್ರೆಯನ್ನು ಇಡಿಯಾಗಿ ನುಂಗಿದವರೇ ಇಲ್ಲ. ಕರುವಾಗಲಿ, ಕೂಸಾಗಲಿ, ಮುದುಕರಾಗಲಿ, ಮದ್ದು ಅಂದರೆ ಕಲ್ಲಿನ ಮೇಲೆ ನುಣ್ಣಗೆ ಅರೆದು, ಬೆಲ್ಲದಲ್ಲಿ ಕಲೆಸಿ, ನಾಲಿಗೆಗೆ ಸವರಬೇಕು. ಇಡೀ ಮಾತ್ರೆಯನ್ನು ಕೈಗೆ ಹಾಕಿ ಹೋಗುವುದು ಅಸಡ್ಡೆ ಸೊಸೆಯ ಲಕ್ಷಣ. ಮುನಿಲಕ್ಷ್ಮಿ ಅಸಡ್ಡೆಯವಳಲ್ಲ, ಅದಕ್ಕೇ ಮೊದಲ ದಿನದ ಮಾತ್ರೆಯನ್ನೂ ಅರೆದಳು. ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅತ್ತೆ ನೆಲದ ಮೇಲಿದ್ದಳು.

ಆಸ್ಪತ್ರೆಯಲ್ಲಿ ಮುದುಕಿಗೆ ಡ್ರಿಪ್ ಹಾಕಿ, ಎದೆಗೆ ವೈರು ಅಂಟಿಸಿ, ನಾಡಿ ಒಂದು ದಾರಿಗೆ ಬಂದ ಮೇಲೆ ಡಾಕ್ಟರ್ ಶಿವಾನಿ ಕೇಳಿದರು, "ಮಾತ್ರೆ ಹೇಗೆ ಕೊಟ್ಟೆ?"

"ಅರೆದು."

ಡಾಕ್ಟರ್ ಹಣೆ ಒತ್ತಿಕೊಂಡರು. "ಅದು ಅರೆಯೋ ಮಾತ್ರೆ ಅಲ್ಲಮ್ಮ! ಹೊಟ್ಟೇಲಿ ಇಷ್ಟಿಷ್ಟೇ ಕರಗ್ತಾ ದಿನವೆಲ್ಲಾ ಕೆಲಸ ಮಾಡ್ಬೇಕು. ಅರೆದ್ರೆ ಇಡೀ ದಿನದ ಮದ್ದು ಒಂದೇ ಏಟಿಗೆ ರಕ್ತಕ್ಕೆ ನುಗ್ಗುತ್ತೆ. ಬಿಪಿ ಬೀಳುತ್ತೆ, ನಾಡಿ ನಿಧಾನ ಆಗುತ್ತೆ. ಪ್ರಾಣಾನೇ ಹೋಗಬಹುದಿತ್ತು."

ಅಕ್ಕಪಕ್ಕದ ಮಂಚದವರು ತಿರುಗಿ ನೋಡಿದರು. ಈಗ ಅವಳು ತಲೆ ತಗ್ಗಿಸಬೇಕಿತ್ತು. ಬಡವರ ಹೆಣ್ಣು ಆಸ್ಪತ್ರೆಯಲ್ಲಿ ಮಾಡಬೇಕಾದ ಮೊದಲ ಕೆಲಸವೇ ಅದು. ಮುನಿಲಕ್ಷ್ಮಿ ತಗ್ಗಿಸಲಿಲ್ಲ.

"ಇದನ್ನ ಅವತ್ತೇ ಯಾಕೆ ಹೇಳಲಿಲ್ಲ ಮೇಡಮ್?"

"ಮಾತ್ರೆ ಶೀಟಿನ ಮೇಲೇ ಇರುತ್ತಲ್ಲಮ್ಮ."

"ಇಂಗ್ಲಿಷಲ್ಲಿ, ಇರುವೆ ತಲೆಯಷ್ಟು ಅಕ್ಷರದಲ್ಲಿ! ಕೊಡೋಳು ನಾನು, ನುಂಗೋಳು ನಮ್ಮತ್ತೆ. ನಮ್ಮಿಬ್ಬರನ್ನೂ ಬಿಟ್ಟು ಇನ್ಯಾರಿಗೆ ಬರೆದಿರೋದು ಅದು?"

"ಸುಮ್ನಿರು ಅತ್ತಿಗೆ," ಕದಿರೇಶ ಮೊಣಕೈ ತಿವಿದ. "ಡಾಕ್ಟರ ಹತ್ರ ಹಿಂಗಾ ಮಾತಾಡೋದು?"

"ಹೊರಗೆ ಎಷ್ಟು ದೊಡ್ಡ ಸಾಲಿದೆ, ನೋಡಿದ್ದೀಯಲ್ಲ," ಅಂದರು ಡಾಕ್ಟರ್.

"ನೋಡದೆ ಏನು? ಅವತ್ತು ಮಾತ್ರೆ ಬರೆಸೋಕೆ ನಾನೂ ಆ ಸಾಲಲ್ಲೇ ನಿಂತು ಬಂದೋಳು."

ಡಾಕ್ಟರ್ ಸ್ಟೂಲು ಎಳೆದರು. "ಕೂತ್ಕೋ. ಹೇಳ್ಬೇಕಿತ್ತು, ಹೇಳಲಿಲ್ಲ. ಈಗ ಹೇಳ್ತೀನಿ."

ಬಿಡಿಸಿ ಹೇಳಿದರು. ಅರೀಬಾರದು, ಮುರೀಬಾರದು, ಅಗೀಬಾರದು. ಊಟದ ಜೊತೆ ಇಡಿಯಾಗಿ ನುಂಗಿದರೆ ತೊಂದರೆಯಿಲ್ಲ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ನುಂಗಬಾರದು. ಅಕ್ಕಪಕ್ಕದವರ ಬಿಪಿ ಮಾತ್ರೆ ಮುಟ್ಟಲೇಬಾರದು, ಕೆಲವು ಇದರ ಜೊತೆ ಸೇರಿದರೆ ಎದೆಬಡಿತವನ್ನೇ ಕುಗ್ಗಿಸಿಬಿಡುತ್ತವೆ. ತಲೆ ತಿರುಗಿದರೆ, ಉಸಿರು ಕಟ್ಟಿದರೆ, ಕಾಲು ಊದಿದರೆ ತಕ್ಷಣ ಬರಬೇಕು. ಡಾಕ್ಟರನ್ನು ಕೇಳದೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಎದೆ ಮತ್ತೆ ಹುಚ್ಚು ಕುದುರೆ. ಮುದುಕಿಯನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿ, ಕಡಿಮೆ ಶಕ್ತಿಯ ಮಾತ್ರೆ ಬರೆದು ಮನೆಗೆ ಕಳಿಸಿದರು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಕದಿರೇಶ ಮಾತ್ರೆ ಶೀಟನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ನಿಂತ. "ಇನ್ನು ಈ ಮನೇಲಿ ಈ ವಿಷ ಬೇಡ. ಅಮ್ಮನಿಗೆ ತಾಯತ ಕಟ್ಟಿಸ್ತೀನಿ."

"ಕಟ್ಟಿಸು. ತೋಳು ಬೇರೆ, ಗಂಟಲು ಬೇರೆ. ಎರಡಕ್ಕೂ ಜಾಗ ಇದೆ. ಮಾತ್ರೆ ಕೊಡು."

"ಊರು ಏನಂತಿದೆ ಗೊತ್ತಾ? ಅಣ್ಣನ್ನ ತಿಂದಾಯ್ತು, ಈಗ ಅಮ್ಮನ್ನೂ..." ಅಂದವನು ನಾಲಿಗೆ ಕಚ್ಚಿಕೊಂಡ.

"ಯಾಕೆ ನಿಲ್ಲಿಸಿದೆ? ಮುಗಿಸು." ಅವಳ ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಬ್ರೇಕು ಜೋರಾಗಿ ತುಳಿದು ಆಟೋ ಪಲ್ಟಿ ಹೊಡೆದ್ರೆ ಬ್ರೇಕನ್ನೇ ಕಿತ್ತು ಬಿಸಾಕ್ತೀಯೇನೋ? ತುಳಿದ ಕಾಲು ನಂದು, ಒಪ್ಕೊಂಡೆ. ಬ್ರೇಕು ಬೇಡ ಅಂದ್ರೆ ನಾನು ಒಪ್ಪಲ್ಲ."

ಒಳಗೆ ಚಾಪೆಯ ಮೇಲಿದ್ದ ಚಿಕ್ಕಗಂಗಮ್ಮ ಎದ್ದು ಕೂತಳು. "ಏಮ್ರಾ ಕದಿರೇಶ, ಎದೆ ನಿಂದಾ ನಂದಾ? ತಾ ಇಲ್ಲಿ."

"ಇಡೀ ಮಾತ್ರೆ ನಿನ್ನ ಗಂಟಲಲ್ಲಿ ಇಳಿಯುತ್ತೇನಮ್ಮ? ಒಂದು ದಿನ ನುಂಗಿದ್ದೀಯಾ?"

"ಥೂ ಮುಂಡೇದೆ! ಹುಟ್ಟಿದಾಗಿಂದ ಮುದ್ದೆ ನುಂಗ್ತಿದ್ದೀನಿ, ಒಂದು ದಿನಾನಾದ್ರೂ ಅಗಿದಿದ್ದು ಕಂಡಿದ್ದೀಯಾ? ನಿಂಬೆಕಾಯಷ್ಟು ತುತ್ತು ಇಳಿಯೋ ಕಡೆ ಇದು ಇಳಿಯಲ್ವಾ?"

ಮುನಿಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ತಟ್ಟೆಯಲ್ಲಿ ಮುದ್ದೆ ಇಟ್ಟು ಬಸ್ಸಾರು ಬಿಟ್ಟಳು. ಮುದುಕಿ ಮಗನ ಮುಷ್ಟಿ ತಾನೇ ಬಿಡಿಸಿ ಶೀಟು ಕಿತ್ತುಕೊಂಡಳು. ಮುದ್ದೆಯ ಚೂರಿನಲ್ಲಿ ಮಾತ್ರೆ ಅಡಗಿಸಿ, ಸಾರಿನಲ್ಲಿ ಹೊರಳಿಸಿ, ಮಗನ ಮುಖವನ್ನೇ ನೋಡುತ್ತಾ ಗುಳುಕ್ಕನೆ ನುಂಗಿ, ಮೇಲೆ ಒಂದು ಲೋಟ ನೀರು ಕುಡಿದು ಬಾಯಿ ಅಗಲಿಸಿ ತೋರಿಸಿದಳು. ಕದಿರೇಶ ಬಾಗಿಲು ಬಿಟ್ಟು ಸರಿದ.

ಮನೆಯ ಬಾಯಿ ಮುಚ್ಚಿತು, ಊರಿನ ಬಾಯಿ ಉಳಿದಿತ್ತು. ಮುನಿಲಕ್ಷ್ಮಿ ಹಾಲಿನ ಕ್ಯಾನು ಹಿಡಿದು ಡೈರಿಗೆ ಬಂದಾಗ ಸಾಲಿನಲ್ಲಿದ್ದ ಹೆಂಗಸರ ಗುಸುಗುಸು ತಟ್ಟನೆ ನಿಂತಿತು. ಪಕ್ಕದ ಮನೆಯ ವೆಂಕಟರತ್ನಮ್ಮ ಕೊಂಕು ಎಳೆದಳು, "ಏನಮ್ಮಾ, ನಿಮ್ಮತ್ತೆ ಇದ್ದಾಳಾ?"

"ಇದ್ದಾಳೆ. ನಿಮ್ಮನ್ನೆಲ್ಲಾ ಬಯ್ಯೋಕೆ ಬೇಕಾದಷ್ಟು ಉಸಿರೂ ಇದೆ." ಅವಳು ಕ್ಯಾನು ಕೆಳಗಿಟ್ಟಳು. "ಹಿಂದೆ ಮಾತಾಡಬೇಡಿ, ನಾನೇ ಹೇಳ್ತೀನಿ ಕೇಳಿ. ಅರೆದು ಕೊಟ್ಟೋಳು ನಾನೇ. ಅದು ಅರೀಬಾರದ ಮಾತ್ರೆ ಅಂತ ನನಗೆ ಯಾರೂ ಹೇಳಲಿಲ್ಲ. ನಿಮಗೆ ಹೇಳಿದ್ದಾರಾ? ಇಲ್ಲಿ ಯಾರ ಮನೇಲಿ ಅರೆಯಲ್ಲ, ಕೈ ಎತ್ತಿ ನೋಡೋಣ!"

ಒಂದು ಕೈಯೂ ಏಳಲಿಲ್ಲ.

ವೆಂಕಟರತ್ನಮ್ಮನ ಮುಖದ ಕೊಂಕು ಇಳಿಯಿತು. ಹತ್ತಿರ ಬಂದು ದನಿ ತಗ್ಗಿಸಿದಳು. "ನಮ್ಮನೆಯವರಿಗೂ ಎದೆನೋವಿಗೆ ಮಾತ್ರೆ ಕೊಟ್ಟಿದ್ದಾರೆ ಕಣೇ. ನಾನೂ ಬೆಲ್ಲದಲ್ಲೇ... ಅದೂ ಅರೀಬಾರದಾ?"

"ನನಗೇನು ಗೊತ್ತು, ನಾನೇನು ಡಾಕ್ಟರಾ? ಇವತ್ತಿಗೆ ಅರೀಬೇಡ. ಮಾತ್ರೆ ತಗೊಂಡು ಬಾ, ಕೋಲಾರದ ಬಸ್ಸು ಹತ್ತಿ ಡಾಕ್ಟರನ್ನೇ ಕೇಳೋಣ."

"ನಾನೂ ಕೇಳ್ಬೇಕಿತ್ತು," ಸಾಲಿನ ಹಿಂದಿನಿಂದ ಇನ್ನೊಂದು ದನಿ ಬಂತು. "ಆದ್ರೆ ಗದರಿಸಿ ಕಳಿಸ್ತಾರಲ್ಲಕ್ಕಾ."

"ಗದರಿಸಲಿ. ನಮಗೆ ತಿಳಿಯೋ ಮಾತಲ್ಲಿ ಹೇಳೋವರೆಗೂ ಯಾರೂ ಡಾಕ್ಟರ ಮುಂದಿನಿಂದ ಎದ್ದು ಬರೋದು ಬೇಡ," ಅಂದಳು ಮುನಿಲಕ್ಷ್ಮಿ.