ಕೊಂಡಿ ಹಾಕುವ ಕೈ

ಇಳಕಲ್ಲ ಸೀರೆಯ ಒಡಲಿಗೂ ಸೆರಗಿಗೂ ಹಾಸಿನ ಉದ್ದೆಳೆಗಳು ಬೇರೆ ಬೇರೆ; ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಬೇಕು. ಆ ಕೆಲಸಕ್ಕೆ ಓಣಿಯಲ್ಲೆಲ್ಲ ಸಂಜುವಿನ ಕೈ ಹೆಸರಾಗಿತ್ತು. ಈಗ ಇಪ್ಪತ್ತೆರಡರ ವಯಸ್ಸಿಗೇ, ಬೆಳಗಾದರೆ ಅದು ಗಡಗಡ ನಡುಗುತ್ತಿತ್ತು. ಬೇರೊಬ್ಬನನ್ನು ಕರೆಯೋಣವೆಂದರೆ, ಮೀಸೆ ಬಂದ ಹುಡುಗರಲ್ಲಿ ನಡುಗದ ಕೈ ಯಾವುದಿತ್ತು?

ಅವನವ್ವ ಶಿವಲಿಂಗವ್ವನಿಗೆ ಕಣ್ಣು ಮಂಜು. ಸಾರಾಯಿ ಪಾಕೀಟು ಸಿಕ್ಕಲ್ಲೆಲ್ಲ ಹರಿದು ಬಚ್ಚಲಿಗೆ ಸುರಿದವಳು ಅವಳು. ಕುಡಿದು ಬಂದ ಮಗನಿಗೆ ಕಸಬರಿಗೆಯಿಂದ ಬಾರಿಸಿದವಳು. ಆ ದಿನ, ಯಾರದೋ ಮದುವೆಗೆಂದು ಒಪ್ಪಿಕೊಂಡಿದ್ದ ಸೀರೆಯ ಎಂಟನೆಯ ಎಳೆಯೂ ಅವನ ಬೆರಳಲ್ಲಿ ಕಡಿದಾಗ, ಎದ್ದುಹೋಗಿ ಜೋಳದ ಗಡಿಗೆಯಲ್ಲಿ ಕೈಹಾಕಿದಳು. ಹಿಂದಿನ ದಿನ ಅವನ ಕಿಸೆಯಿಂದ ಕಸಿದುಕೊಂಡು, ಯಾಕೋ ಸುರಿಯದೆ ಬಚ್ಚಿಟ್ಟಿದ್ದ ಪಾಕೀಟು ಹೊರಬಂತು.

"ಅರ್ಧಾ ಕುಡಿ. ಕೈ ನಿಂತ್ರ ಸಾಕು," ಎಂದು ಗೋಡೆಯತ್ತ ಮುಖ ತಿರುಗಿಸಿದಳು.

ಕೈಯ ನಡುಕ ನಿಂತಿತು. ಮಧ್ಯಾಹ್ನದೊಳಗೆ ಒಂದೆಳೆಯೂ ತಪ್ಪದೆ ಕೊಂಡಿ ಮುಗಿಯಿತು. ಸಂಜು ತಲೆಯೆತ್ತಿ, ಚಿಕ್ಕಂದಿನಂತೆ ನಕ್ಕ. ಇಷ್ಟು ದಿನ ಕದ್ದು ಕುಡಿಯುತ್ತಿದ್ದವನು ಮೊದಲ ಸಲ ಅಂಜಿಕೆಯಿಲ್ಲದೆ ಅವ್ವನನ್ನು ಕೇಳಿದ:

"ಯವ್ವಾ, ನಾಳಿಗಿ ಎರಡು ತಂದಿಡು ಬೇ."